ಮೊದಲ ರ್‍ಯಾಪ್ ಆಲ್ಬಂ ತರೋದು ಹೆಂಗ? ಲಂಡನ್ನಿನ ಲೆಕ್ಕ, ಕಲಬುರಗಿಯ ಖೋಲಿ

‘ಅಣ್ಣಾ, ಆಲ್ಬಂ ಮಾಡ್ಬೇಕು’ ಅಂತ ಬರೋ ಹುಡುಗ್ರ ಕೈಯಾಗ ಭಾಳ ಸಲ ಒಂದೇ ಹಾಡು ಇರ್ತದ. ಅದು ರೀಲ್ಸಿನ್ಯಾಗ ಒಂದೀಟು ಓಡಿರ್ತದ, ಗೆಳೆಯರು ‘ಬೆಂಕಿ ಲೇ’ ಅಂದಿರ್ತಾರ. ಉಳಿದ ಹಾಡು ಎಲ್ಲಿ ಅಂದ್ರ, ‘ಆಗ್ತಾವಣ್ಣಾ, ಇಲ್ಲೇ ಕುಂತು ಬರಿತೀವಿ’. ಒಂದು ಹಾಡಿನ ಬೆನ್ನಿಗೆ ಒಂಬತ್ತು ಹಾಡು ಕಟ್ಟಿ ದೂಡಿದ್ರ ಆಲ್ಬಂ ಆಗಂಗಿಲ್ಲ. ಇದು ನನ್ನ ಅಭಿಪ್ರಾಯ ಅಷ್ಟೇ ಅಲ್ಲ, ಚಾರ್ಟ್ (ವಾರಕ್ಕ ಯಾವ ಆಲ್ಬಂ ಹೆಚ್ಚು ಓಡ್ತು ಅನ್ನೋ ಪಟ್ಟಿ) ಲೆಕ್ಕ ಹಾಕೋರೂ ಹಂಗೇ ತಿಳ್ಕೊಂಡಾರ. ಅದನ್ನ ಮುಂದ ಹೇಳ್ತೀನಿ.

ನಂದು ಆಳಂದ ರೋಡಿನ ಕಡೆ, ವೆಲ್ಡಿಂಗ್ ಅಂಗಡಿ ಮ್ಯಾಲ ಸಣ್ಣ ರೆಕಾರ್ಡಿಂಗ್ ಖೋಲಿ. ಹೊಟ್ಟಿಪಾಡಿಗೆ ಆಟೋ ಪ್ರಚಾರದ ದನಿ ಕೊಡ್ತೀನಿ. ಸೀರಿ ಅಂಗಡಿ ಆಫರ್, ಟ್ಯೂಷನ್ ಕ್ಲಾಸ್, ಜಾತ್ರಿ, ಎಲೆಕ್ಷನ್, ಯಾವುದಾದ್ರೂ ನಡೀತದ. ಭಜನಿ ಮಂಡಳಿಯವ್ರು ತತ್ವಪದ ರೆಕಾರ್ಡ್ ಮಾಡಸ್ಲಿಕ್ಕೆ ಬರ್ತಾರ. ಈಗ ರ್‍ಯಾಪ್ ಹುಡುಗ್ರು ಹೆಚ್ಚಾಗ್ಯಾರ, ಹುಡುಗ್ಯಾರೂ ಬರ್ಲತ್ತಾರ. ಅವ್ರಿಗೆಲ್ಲ ಒಬ್ಬೊಬ್ಬರಿಗೇ ಹೇಳಿ ಹೇಳಿ ಗಂಟಲ ಒಣಗ್ತದ, ಅದಕ್ಕ ಬರದೇ ಇಡ್ಲತ್ತೀನಿ.

ಮೊದಲ ಲಂಡನ್ನಿಗೆ ಹೋಗಿ ಬರೋಣು

2017ರ ಫೆಬ್ರವರಿ 24, ಶುಕ್ರವಾರ. ದಕ್ಷಿಣ ಲಂಡನ್ನಿನ ಸ್ಟಾರ್ಮ್‌ಝಿ ಅನ್ನೋ 23 ವರ್ಷದ ಹುಡುಗ ‘ಗ್ಯಾಂಗ್ ಸೈನ್ಸ್ ಆಂಡ್ ಪ್ರೇಯರ್’ ಅಂತ ತನ್ನ ಮೊದಲ ಆಲ್ಬಂ ಬಿಟ್ಟ. ಮುಂದಿನ ಶುಕ್ರವಾರ ಅದು ಬ್ರಿಟನ್ನಿನ ಆಲ್ಬಂ ಚಾರ್ಟಿನ್ಯಾಗ ನಂಬರ್ ಒನ್. ಗ್ರೈಮ್ ಆಲ್ಬಂ ಒಂದು ಆ ಜಾಗಾ ಹಿಡಿದಿದ್ದು ಅದೇ ಮೊದಲು. ಮಾರಿದ್ದೂ ಸ್ಟ್ರೀಮಿಂಗೂ ಕೂಡಿ ಮೊದಲ ವಾರದ ಲೆಕ್ಕ 68 ಸಾವಿರ ದಾಟಿತ್ತು. ಮರುವರ್ಷ ಬ್ರಿಟ್ ಅವಾರ್ಡಿನ್ಯಾಗ ವರ್ಷದ ಬ್ರಿಟಿಷ್ ಆಲ್ಬಂ ಅಂತ ಪ್ರಶಸ್ತಿನೂ ಬಂತು.

ಗ್ರೈಮ್ ಅಂದ್ರ 2000ದ ಆಜುಬಾಜು ಪೂರ್ವ ಲಂಡನ್ನಿನ ಬಡವರ ಕಟ್ಟಡಗಳಾಗ ಹುಟ್ಟಿದ ಸಂಗೀತ. ವೇಗ ನಿಮಿಷಕ್ಕ 140 ಬೀಟ್. ಲೈಸೆನ್ಸ್ ಇಲ್ಲದ ಕಳ್ಳ ಎಫ್‌ಎಂ ಸ್ಟೇಷನ್ನಿನ್ಯಾಗ ಒಂದೇ ಮೈಕ್ ಕೈಯಿಂದ ಕೈಗೆ ದಾಟಿಸ್ಕೋತ ಹಾಡಿದ್ರು. ದೊಡ್ಡ ಸ್ಟುಡಿಯೋ ಎಲ್ಲೀದು? ಫ್ರೂಟಿ ಲೂಪ್ಸ್ ಅನ್ನೋ ಸಾಫ್ಟ್‌ವೇರಿನ್ಯಾಗ ಬೀಟ್ ಮಾಡಿದ್ರು. ಕೆಲವರಂತೂ ಪ್ಲೇಸ್ಟೇಷನ್ನಿಗೆ ಬರ್ತಿದ್ದ ಸಂಗೀತದ ಡಿಸ್ಕ್ ಹಾಕಿ, ಗೇಮ್ ಆಡೋ ರಿಮೋಟ್ ಒತ್ತಿ ಒತ್ತಿ ಬೀಟ್ ಕಟ್ಟಿದ್ರು. ‘ಲ್ಯಾಪ್‌ಟಾಪ್ ಸ್ಲೋ ಅದ ಅಣ್ಣಾ’ ಅನ್ನೋರು ಇದನ್ನ ಎರಡು ಸಲ ಓದ್ರಿ.

ಸ್ಟಾರ್ಮ್‌ಝಿಗಿಂತ ಮೊದಲ ದಾರಿ ಹಾಕಿದಂವ ಡಿಝಿ ರಾಸ್ಕಲ್. ಬೋ ಅನ್ನೋ ಬಡಾವಣಿ ಹುಡುಗ. ಸಾಲಿ ಕಂಪ್ಯೂಟರಿನ್ಯಾಗ ಕ್ಯೂಬೇಸ್ ಅನ್ನೋ ಸಂಗೀತದ ಸಾಫ್ಟ್‌ವೇರ್ ಹಾಕ್ಕೊಂಡು ಕಲಿತ, ಸಂಗೀತದ ಮಾಸ್ತರ್ ಒಬ್ರು ಬೆನ್ನಿಗೆ ನಿಂತ್ರು. 2003ರಾಗ ಅವನ ಮೊದಲ ಆಲ್ಬಂ ‘ಬಾಯ್ ಇನ್ ಡ ಕಾರ್ನರ್’ ಬಂತು. ಅದಕ್ಕ ಬ್ರಿಟನ್ನಿನ್ಯಾಗ ವರ್ಷದ ಆಲ್ಬಂಗೆ ಕೊಡೋ ಮರ್ಕ್ಯುರಿ ಪ್ರಶಸ್ತಿ ಸಿಕ್ಕಾಗ ಅವನಿಗೆ 18 ವರ್ಷ. ಚಾರ್ಟಿನ್ಯಾಗ ಏರಿದ್ದು ಮಾತ್ರ 23ರ ತನಕ. 2016ರಾಗ ಸ್ಕೆಪ್ಟಾ ಅನ್ನೋನ ‘ಕೊನಿಚಿವಾ’ ಎರಡನೇ ಜಾಗಕ್ಕ ಬಂತು, ಮರ್ಕ್ಯುರಿನೂ ಗೆದ್ದಿತು. ಮರುವರ್ಷ ಸ್ಟಾರ್ಮ್‌ಝಿ. 23ರಿಂದ ಒಂದಕ್ಕ ಬರ್ಲಿಕ್ಕೆ ಒಂದು ಇಡೀ ಸಂಗೀತಕ್ಕೇ 14 ವರ್ಷ ಹಿಡೀತು. ನಿಮ್ಮ ಹಾಡು ಬಿಟ್ಟು ಹದಿನಾಲ್ಕು ದಿನಾನೂ ಆಗಿರಂಗಿಲ್ಲ, ‘ಅಣ್ಣಾ ವ್ಯೂಸ್ ಬರ್ಲಿಲ್ಲ’ ಅಂತ ಮಾರಿ ಸಣ್ಣ ಮಾಡ್ತೀರಿ.

ಈಗ ಲೆಕ್ಕದ ಮಾತು. ಅಲ್ಲಿ ವಾರ ಅಂದ್ರ ಶುಕ್ರವಾರದಿಂದ ಗುರುವಾರ. 2015ರಾಗ ಆಲ್ಬಂ ಚಾರ್ಟಿಗೆ ಸ್ಟ್ರೀಮಿಂಗ್ ಸೇರಿಸಿದ್ರು. ಸಾವಿರ ಸಲ ಕೇಳಿದ್ರ ಒಂದು ಆಲ್ಬಂ ಮಾರಿದಂಗ ಅಂತ ಹಿಡಿದ್ರು. ಆದ್ರ ಅದರಾಗ ಒಂದು ಕತ್ತರಿನೂ ಇಟ್ರು: ಎಲ್ಲಕ್ಕಿಂತ ಹೆಚ್ಚು ಕೇಳಿದ ಎರಡು ಹಾಡಿನ ಅಂಕಿ ಹಂಗೇ ಕೂಡ್ಸಂಗಿಲ್ಲ, ಉಳಿದ ಹಾಡುಗಳ ಸರಾಸರಿಗೆ ಇಳಸ್ತಾರ. ಒಂದು ಹಾಡು ಹುಚ್ಚು ಹಿಡಿಸಿ ಓಡಿ, ಉಳಿದದ್ದನ್ನ ಯಾರೂ ಮುಟ್ಟದಿದ್ರ ಆಲ್ಬಂ ಮ್ಯಾಲ ಬರಂಗಿಲ್ಲ. ಅಂದ್ರ ನಿಮ್ಮ ಆಲ್ಬಂನ ತೂಕ ಇರೋದು ಆರನೇ, ಏಳನೇ ಹಾಡಿನ್ಯಾಗ. ನನ್ನ ಖೋಲಿಗೆ ಯಾರು ಬಂದ್ರೂ ಮೊದಲ ಆ ಹಾಡು ಕೇಳಸ್ರಿ ಅಂತೀನಿ. ಹಿಟ್ ಆಗೂದನ್ನ ಆಮ್ಯಾಲ ಕೇಳೋಣು.

ಆಲ್ಬಂಗಿಂತ ಮೊದಲ ಏನೇನು ಇರಬೇಕು

ಸ್ಟಾರ್ಮ್‌ಝಿ ಆಲ್ಬಂ ಒಮ್ಮೆಲೇ ಮ್ಯಾಲಿಂದ ಬೀಳಲಿಲ್ಲ. 2014ರಾಗೇ ಒಂದು ಇಪಿ (ಕೆಲವೇ ಹಾಡಿನ ಸಣ್ಣ ಆಲ್ಬಂ) ಬಿಟ್ಟಿದ್ದ. 2015ರಾಗ ಕೆಂಪು ಟ್ರ್ಯಾಕ್‌ಸೂಟ್ ಹಾಕ್ಕೊಂಡು ಪಾರ್ಕಿನ್ಯಾಗ ಗೆಳೆಯರ ನಡುವ ನಿಂತು, ಒಂದು ಹಳೇ ಗ್ರೈಮ್ ಬೀಟಿನ ಮ್ಯಾಲ ಹಾಡಿದ ವಿಡಿಯೋ ಯೂಟ್ಯೂಬಿಗೆ ಹಾಕಿದ. ಸೆಟ್ ಇಲ್ಲ, ಡ್ರೋನ್ ಇಲ್ಲ, ಬಾಡಿಗಿ ಕಾರಿಲ್ಲ. ಅದೇ ವರ್ಷ ಡಿಸೆಂಬರಿನ್ಯಾಗ ಅಭಿಮಾನಿಗಳು ಹಟ ಹಿಡಿದು ಅದನ್ನ ಸಿಂಗಲ್ಸ್ ಚಾರ್ಟಿನ ಎಂಟನೇ ಜಾಗಕ್ಕ ಮುಟ್ಟಿಸಿದ್ರು. ಆಮ್ಯಾಲ 2016ರಾಗ ಬಹಳಷ್ಟು ದಿನ ಸೋಷಿಯಲ್ ಮೀಡಿಯಾದಾಗ ದನಿನೇ ಇಲ್ಲ. ಬಾಗಲ ಹಾಕ್ಕೊಂಡು ಆಲ್ಬಂ ಮಾಡಿದ.

ಅದಕ್ಕ ನಿಮಗೂ ಅದೇ ಕ್ರಮ ಹೇಳ್ತೀನಿ. ಮೊದಲ ಒಂದೊಂದೇ ಹಾಡು ಬಿಡ್ರಿ, ಜನ ನಿಮ್ಮ ದನಿ ಗುರುತು ಹಿಡೀಲಿ. ನಮ್ಮೂರ ಅಪ್ಪನ ಕೆರಿ ದಂಡಿ ಮ್ಯಾಲ ನಿಂತು ಫೋನಿನ್ಯಾಗ ವಿಡಿಯೋ ಮಾಡಿದ್ರ ಸಾಕು. ಮುಂಜಾನಿ ಹೊತ್ತು ಮಾಡ್ರಿ, ಸಂಜಿಗೆ ವಾಕಿಂಗ್ ಬಂದ ಕಾಕಾಗಳು ಕ್ಯಾಮೆರಾ ಮುಂದ ನಿಂತು ‘ಏನ್ ಮಾಡ್ಲತ್ತೀರೋ’ ಅಂತ ಕೇಳ್ತಾರ. (ಅದೂ ಚಲೋನೇ ಬಂದದ ಒಂದು ವಿಡಿಯೋದಾಗ.) ನಿಮ್ಮ ಓಣಿ ಬಿಟ್ಟು ಹೊರಗಿನವ್ರು, ಜೇವರ್ಗಿಯವ್ರೋ ಸೇಡಂದವ್ರೋ, ಮುಂದಿನ ಹಾಡು ಯಾವಾಗ ಅಂತ ತಾವಾಗೇ ಕೇಳಿದ ದಿನ ಆಲ್ಬಂ ವಿಚಾರ ಶುರು ಮಾಡ್ರಿ.

ಬರಿಯೋದು

ಇದರ ಮ್ಯಾಲ ಸ್ವಲ್ಪ ಹೆಚ್ಚು ಹೊತ್ತು ಕೂಡ್ತೀನಿ, ಯಾಕಂದ್ರ ಎಲ್ಲಾರೂ ಇದನ್ನೇ ಓಡಸ್ಕೊಂಡು ಮಾಡ್ತಾರ.

140ರ ವೇಗದಾಗ ನಾಲ್ಕು ಬೀಟಿನ ಒಂದು ಬಾರ್ ಅಂದ್ರ 1.7 ಸೆಕೆಂಡಿನ ಮ್ಯಾಲ ಒಂದು ಕೂದಲಷ್ಟು. 16 ಬಾರಿನ ಒಂದು ವರ್ಸ್ (ಹಾಡಿನ ಒಂದು ಚರಣ) 27 ಸೆಕೆಂಡಿನ್ಯಾಗ ಮುಗೀತದ. ಇಷ್ಟರಾಗ ಪುಸ್ತಕದ ಕನ್ನಡ ತುರುಕಿದ್ರ ನಾಲಿಗಿ ತೊಡರ್ತದ. ‘ಹೋಗುತ್ತಿದ್ದೇನೆ’ ಅನ್ಲಿಕ್ಕೆ ಐದು ಪೆಟ್ಟು ಬೇಕು, ‘ಹೊಂಟೀನಿ’ ಅಂದ್ರ ಮೂರರಾಗ ಮುಗೀತು. ನಮ್ಮ ಕಡೆ ಮಾತು ತಾನಾಗೇ ಬಾಲ ಕತ್ತರಿಸ್ಕೊಂಡು ಬರ್ತದ, ಗ್ರೈಮ್ ವೇಗಕ್ಕ ಹೇಳಿ ಮಾಡಿಸಿದಂಗ ಅದ. ಹಿಂಗಿದ್ದೂ ಹುಡುಗ್ರು ಬೆಂಗಳೂರು ಪಿಕ್ಚರಿನ ಹೀರೋ ಮಾತಾಡಿದಂಗ ಬರ್ಕೊಂಡು ಬರ್ತಾರ. ಡಿಝಿ ರಾಸ್ಕಲ್ ತನ್ನ ಓಣಿ ಇಂಗ್ಲಿಷಿನ್ಯಾಗೇ, ತನ್ನ ಓಣಿ ದನಿಯಾಗೇ ಹಾಡಿದ. ಇಂಗ್ಲೆಂಡಿನವ್ರೇ ಹಲವರು ಕಿವಿ ಕೊಟ್ಟು ಕೇಳಬೇಕಾಯ್ತು, ಕೇಳಿದ್ರು.

ಒಂದು ಉದಾಹರಣಿ. ಗಂಜ್, ಅಂದ್ರ ಕಾಳಿನ ಪೇಟಿ ಕಡೆಯ ಒಬ್ಬ ಹುಡುಗ ಬರ್ಕೊಂಡು ಬಂದಿದ್ದ: ‘ನಾನೇ ಕಿಂಗು, ನಂದೇ ರಿಂಗು, ಎದುರು ನಿಂತ್ರೆ ನಿಂಗೆ ಭಂಗು’. ನಿಮ್ಮಪ್ಪ ಏನ್ ಮಾಡ್ತಾರ ಅಂದೆ. ಗಂಜಿನ್ಯಾಗ ತೊಗರಿ ಹಮಾಲಿ ಅಂದ. ಅದನ್ನ ಬರಿಯಪಾ ಅಂದೆ. ಕುಂತ, ಚಹಾ ಆರ್‍ಕೋತ ಹೋಯ್ತು, ತಲಿ ಕೆರ್‍ಕೊಂಡ. ಕಡೀಗೆ ಹಿಂಗ ಬಂತು:

ತೊಗರಿ ಚೀಲ ಹೊತ್ತು ಹೊತ್ತು ಬಗ್ಗ್ಯಾದ ಅಪ್ಪನ ಬೆನ್ನ
ರೇಟ್ ಬಿದ್ದ ರಾತ್ರಿ ಮನ್ಯಾಗ ಯಾರೂ ಮುಟ್ಟಲ್ಲ ಅನ್ನ

ಕಿಂಗು ಎಲ್ಲಿ, ಇದು ಎಲ್ಲಿ. ‘ಬೆನ್ನ, ಅನ್ನ’ ಪ್ರಾಸನೂ ತಾನೇ ಬಂತು, ಹುಡುಕ್ಲಿಕ್ಕೆ ಹೋಗಿದ್ದಿಲ್ಲ. ಹಾಡಿ ನೋಡ್ದ, ಎರಡನೇ ಸಾಲು ‘ರಾತ್ರಿ’ ಹತ್ರ ಎಡವ್ತಿತ್ತು. ‘ರೇಟ್ ಬಿದ್ದ’ ಆದ್ಮ್ಯಾಲ ಅರ್ಧ ಬೀಟ್ ಸುಮ್ಮನ ನಿಂದ್ರು ಅಂದೆ. ನಿಂತ. ಆ ಅರ್ಧ ಬೀಟಿನ ಖಾಲಿ ಜಾಗದಾಗ ಕೇಳೋರಿಗೆ ಗಂಜಿನ ತಕ್ಕಡಿ ಕಾಣಸ್ತದ.

ಹುಕ್ಕಿಗೆ, ಅಂದ್ರ ಹಾಡಿನ್ಯಾಗ ಮತ್ತ ಮತ್ತ ಬರೋ ಸಾಲಿಗೆ, ತತ್ವಪದದವ್ರ ಕಡೆ ಕಲೀರಿ. ಕಡಕೋಳ ಮಡಿವಾಳಪ್ಪನವರ ನಾಡು ಇದು. ಭಜನಿ ಮಂಡಳಿಯವ್ರು ನನ್ನ ಖೋಲಿಗೆ ಬಂದು ಪದ ಹಿಡಿದ್ರ, ಮುಂದಿನಂವ ಪಲ್ಲ ಒಮ್ಮೆ ಹೇಳೋದೇ ತಡ, ಹಿಂದಿನವ್ರು ಎತ್ಕೋತಾರ. ಕಾಗದ ನೋಡಂಗಿಲ್ಲ. ನಿಮ್ಮ ಹುಕ್ಕು ಗೆಳೆಯನಿಗೆ ಒಮ್ಮೆ ಹೇಳ್ರಿ. ಎರಡನೇ ಸಲಕ್ಕ ಅಂವ ನಿಮ್ಮ ಜೋಡಿ ಹೇಳ್ಲಿಲ್ಲಂದ್ರ ಅದು ಹುಕ್ಕಲ್ಲ, ಇನ್ನೊಂದು ವರ್ಸ್. ಇನ್ನ ಜಗಳದ ರ್‍ಯಾಪ್ ಬರಿಯೋರು ಹರದೇಶಿ-ನಾಗೇಶಿ ಪದ ಕೇಳ್ರಿ. ಎರಡು ಮೇಳ ಎದುರು ನಿಂತು, ಹೆಣ್ಣು ಹೆಚ್ಚೋ ಗಂಡು ಹೆಚ್ಚೋ ಅಂತ ರಾತ್ರಿಯಿಡೀ ಸವಾಲ್ ಜವಾಬ್ ನಡಸ್ತಾರ. ಅವ್ವ ಅಪ್ಪನ್ನ ಬೈಯದೇ ಎದುರಿನವನ್ನ ಸುಮ್ಮನ ಕೂಡಿಸೋದು ಹೆಂಗ ಅನ್ನೋದು ಅಲ್ಲಿ ಸಿಗ್ತದ.

ಸ್ಟಾರ್ಮ್‌ಝಿ ಆಲ್ಬಂ ಹೆಸರಿನ್ಯಾಗೇ ಗ್ಯಾಂಗೂ ಅದ, ಪ್ರಾರ್ಥನಿನೂ ಅದ. ಒಂದು ಕಡೆ ಕೈ ಎತ್ತಿ ಹೊಡೆಯೋ ಗ್ರೈಮ್, ಇನ್ನೊಂದು ಕಡೆ ಚರ್ಚಿನ್ಯಾಗ ಹಾಡಿದಂಥ ಗಾಸ್ಪೆಲ್. ಅವ್ವ ಘಾನಾ ದೇಶದ ಮೂಲದಾಕಿ, ಆ ಮನಿ ದನಿನೂ ಅದರಾಗ ಅದ. ಬರೇ ಸಿಟ್ಟು ಇದ್ರ ಹತ್ತು ಹಾಡು ಯಾರೂ ಕೇಳಂಗಿಲ್ಲ. ನಮ್ಮಲ್ಲೂ ಒಬ್ಬಾಕಿ ನರ್ಸಿಂಗ್ ಓದೋ ಹುಡುಗಿ ಬರ್ತಾಳ. ಆಕಿ ಸಿಟ್ಟಿನ ಹಾಡು ಕನ್ನಡದಾಗ, ಅಜ್ಜಿ ಮ್ಯಾಲಿನ ಹಾಡು ದಖನಿಯಾಗ ಬರೀತಾಳ. ಅಜ್ಜಿ ಜೋಡಿ ಬಂದೇನವಾಜರ ದರ್ಗಾಕ್ಕ ಹೋದ ಗುರುವಾರಗಳ ಹಾಡು ಅದು. ಎರಡೂ ಒಂದೇ ಆಲ್ಬಂದಾಗ ಇರ್ಲಿ ಅಂದೀನಿ. ‘ಭಾಷಾ ಕಲಬೆರಕಿ ಆಗ್ತದ’ ಅನ್ನೋರಿಗೆ ನಮ್ಮೂರ ಸೂಪರ್ ಮಾರ್ಕೆಟ್ ಬಜಾರಿನ್ಯಾಗ ಒಂದು ತಾಸು ನಿಂತು ಬರ್ಲಿಕ್ಕೆ ಹೇಳ್ರಿ.

ಬೀಟು

ಯೂಟ್ಯೂಬಿನ್ಯಾಗ ‘ಫ್ರೀ ಬೀಟ್’ ಅಂತ ಇರ್ತಾವಲ್ಲ, ಕೆಳಗ ಸಣ್ಣ ಅಕ್ಷರದಾಗ ‘ರೊಕ್ಕ ಗಳಿಸೋದಿದ್ರ ಲೈಸೆನ್ಸ್ ತಗೋ’ ಅಂತ ಬರದಿರ್ತಾರ. ಅಭ್ಯಾಸಕ್ಕ ಬಳಸ್ರಿ, ಆಲ್ಬಂಗೆ ಬ್ಯಾಡ. ಎಫ್‌ಎಲ್ ಸ್ಟುಡಿಯೋ ಬರೋ ಗೆಳೆಯ ಇದ್ರ ಅವನ ಕಡೆ ಮಾಡಸ್ರಿ. ಅದು ಹಳೇ ಫ್ರೂಟಿ ಲೂಪ್ಸೇ, ಹೆಸರ ಬದಲಾಗ್ಯದ ಅಷ್ಟೇ. ಹಲಗಿ ದನಿ ಫೋನಿನ್ಯಾಗೇ ಹಿಡಿದು ಸ್ನೇರ್ ಡ್ರಮ್ಮಿನ ಜಾಗದಾಗ ಕೂಡಿಸಿದ್ರ ಬ್ಯಾರೆ ಯಾರ ಬೀಟಿನಂಗೂ ಕೇಳಂಗಿಲ್ಲ. ಹಲಗಿ ಬಾರ್ಸಿದಂವಗೂ ರೊಕ್ಕ ಕೊಡ್ರಿ.

ರೆಕಾರ್ಡಿಂಗ್: ಬಿಸಿಲು, ಕೂಲರ್, ಕರೆಂಟ್

ಇಂಟರ್ನೆಟ್ಟಿನ್ಯಾಗ ಸಿಗೋ ಸ್ಟುಡಿಯೋ ಸಲಹಾ ಬರಿಯೋರಿಗೆ ಮೇ ತಿಂಗಳ ಕಲಬುರಗಿ ಗೊತ್ತಿಲ್ಲ. 43, 44 ಡಿಗ್ರಿಯಾಗ ಕೂಲರ್ ಬಂದ್ ಮಾಡಿ ಹಾಡಬೇಕು, ಯಾಕಂದ್ರ ಕೂಲರ್ ದನಿ ಮೈಕಿನ್ಯಾಗ ಕುಂತ್ರ ಆಮ್ಯಾಲ ಯಾವ ಸಾಫ್ಟ್‌ವೇರೂ ಪೂರಾ ತೆಗಿಯಂಗಿಲ್ಲ. ನನ್ನ ಪದ್ಧತಿ: ಖೋಲಿ ಒಂದು ತಾಸು ಮೊದಲ ತಂಪು ಮಾಡೋದು, ಕೂಲರ್ ಬಂದ್, ಒಂದು ವರ್ಸ್, ಮತ್ತ ಕೂಲರ್ ಚಾಲೂ. ಹಗಲೆಲ್ಲ ಕೆಳಗ ಗ್ರೈಂಡರ್ ಮಿಷನ್ ಕೂಗ್ತದ, ಅದಕ್ಕ ರಾತ್ರಿ ಹನ್ನೊಂದರ ಮ್ಯಾಲೇ ನಮ್ಮ ಕೆಲಸ.

ಗ್ವಾಡಿಗೆ ಫೋಮ್ ಹಚ್ಚಲಿಕ್ಕೆ ಸಾವಿರಾರು ರೂಪಾಯಿ ಸುರೀಬ್ಯಾಡ್ರಿ. ಅವ್ವನ ಕೌದಿ ತಗೋರಿ. ಹಳೇ ಸೀರಿ, ಧೋತರ ಪದರ ಪದರ ಹೊಲಿದ ದಪ್ಪನ ಕೌದಿ ಇರ್ತಾವಲ್ಲ, ಎರಡು ಹಿಂದ, ಒಂದೊಂದು ಬಾಜೂಕ ಹಗ್ಗದ ಮ್ಯಾಲ ಹಾಕ್ರಿ. ಗ್ವಾಡಿಗೆ ಅಂಟಿಸಿ ಹಾಕೂದಕ್ಕಿಂತ ಒಂದು ಗೇಣು ಬಿಟ್ಟು ತೂಗಬಿಟ್ರ ದನಿ ಇನ್ನೂ ಚಲೋ ಹೀರ್‍ಕೋತದ. ಬಾಯಿಯಿಂದ ಮೈಕಿಗೂ ಒಂದು ಗೇಣು. ಪ, ಬ, ಭ ಅಕ್ಷರಕ್ಕ ಗಾಳಿ ‘ಢಬ್’ ಅಂತ ಹೊಡೀತದ. ಕಸೂತಿ ರಿಂಗಿಗೆ ತೆಳ್ಳನ ನೈಲಾನ್ ಬಟ್ಟಿ ಬಿಗಿದು ನಡುವ ಹಿಡ್ರಿ, ಇಲ್ಲಂದ್ರ ಮೈಕ್ ಒಂಚೂರು ಬಾಜೂಕ ತಿರುಗಸ್ರಿ.

ಇನ್ವರ್ಟರ್ ಮ್ಯಾಲ ರೆಕಾರ್ಡ್ ಮಾಡೋವಾಗ ‘ಗುಂಯ್’ ಅಂತ ಒಂದು ದನಿ ಬರ್ತದಲ್ಲ, ಚಾರ್ಜರ್ ಕಿತ್ತು ಲ್ಯಾಪ್‌ಟಾಪ್ ಬ್ಯಾಟರಿ ಮ್ಯಾಲ ನಡಸ್ರಿ, ಬಹಳಷ್ಟು ಸಲ ಹೋಗ್ತದ. 24 ಬಿಟ್, 48 ಕಿಲೋಹರ್ಟ್ಸ್ ಇಡ್ರಿ. ಎಷ್ಟೇ ಒದರಿದ್ರೂ ಮೀಟರ್ ಮೈನಸ್ ಹತ್ತು ಡೆಸಿಬೆಲ್ಲಿನ ಆಜುಬಾಜು ನಿಂದ್ರಬೇಕು. ಕೆಂಪು ಮುಟ್ಟಿದ್ರ ಆ ಟೇಕ್ ಬಿಡ್ರಿ, ಎಷ್ಟೇ ಚಲೋ ಇರ್ಲಿ. ಮಿರ್ಚಿ ಭಜಿ ತಿಂದು ಹಾಡ್ಲಿಕ್ಕೆ ಬರಬ್ಯಾಡ್ರಿ ಅಂತ ಬಾಗಲದಾಗೇ ಬರದು ಹಚ್ಚೀನಿ, ಆದ್ರೂ ಬರ್ತಾರ.

ಎಷ್ಟು ಹಾಡು, ಯಾವ ಕ್ರಮ

ಸ್ಟಾರ್ಮ್‌ಝಿ 16 ಇಟ್ಟ ಅಂತ ನೀವೂ 16 ಇಡಬ್ಯಾಡ್ರಿ. ಎಂಟು ಗಟ್ಟಿ ಹಾಡು ಭಾಳ ಆಯ್ತು. ಓಡಿದ ಹಾಡು ಮೊದಲ ಇಡಬ್ಯಾಡ್ರಿ, ಅದನ್ನ ಕೇಳಿ ಎದ್ದು ಹೋಗ್ತಾರ. ಮೂರನೇದೋ ನಾಲ್ಕನೇದೋ ಇಡ್ರಿ. ಪೂರಾ ಆಲ್ಬಂ ಫೋನಿಗೆ ಹಾಕ್ಕೊಂಡು, ನಿಮ್ಮ ಹಾಡು ಕೇಳಿರದ ಒಬ್ಬ ದೋಸ್ತನ ಜೋಡಿ ಆಳಂದ ಬಸ್ ಹತ್ರಿ. ಕಿವಿಗೆ ಹಾಕಿ ಕೊಡ್ರಿ, ಬಾಜೂಕ ಸುಮ್ಮನ ಕೂಡ್ರಿ. ಅಂವ ಎಲ್ಲಿ ಖಿಡಕಿ ಹೊರಗ ನೋಡ್ತಾನ, ಎಲ್ಲಿ ಮುಂದಿನ ಹಾಡಿಗೆ ಒತ್ತತಾನ, ಬರ್ಕೋರಿ. ಅಂವ ಬಾಯಿಲೆ ಹೇಳೋದು ಕೇಳಬ್ಯಾಡ್ರಿ, ದೋಸ್ತ ಚಲೋನೇ ಅಂತಾನ.

ಹೊರಗ ಬಿಡೋದು, ಹಕ್ಕು, ರೊಕ್ಕ

ಆಲ್ಬಂ ಸ್ಟಾರ್ಮ್‌ಝಿ ತನ್ನದೇ ಲೇಬಲ್ ‘ಮರ್ಕಿ’ ಹೆಸರಿಲೆ ತಂದ, ಹಂಚೋ ಕೆಲಸ ಮಾತ್ರ ದೊಡ್ಡ ಕಂಪನಿ ಕೈಗೆ ಕೊಟ್ಟ. ನಿಮ್ಮ ಮಟ್ಟಕ್ಕ ಅಂದ್ರ ಡಿಸ್ಟ್ರೋಕಿಡ್, ಟ್ಯೂನ್‌ಕೋರ್ ಅಂಥವು ಅವ. ಅವ್ರ ಕಡೆಯಿಂದ ಸ್ಪಾಟಿಫೈ, ಆಪಲ್, ಯೂಟ್ಯೂಬ್ ಮ್ಯೂಸಿಕ್ ಎಲ್ಲಾ ಕಡೆ ಹೋಗ್ತದ. ಒಂದೊಂದು ಹಾಡಿಗೂ ಐಎಸ್‌ಆರ್‌ಸಿ ಅನ್ನೋ 12 ಅಕ್ಷರದ ಗುರುತಿನ ನಂಬರ್ ಬರ್ತದ, ಅದನ್ನ ಬರ್ಕೊಂಡು ಇಡ್ರಿ. ಮುಂದ ಹಾಡು ಬ್ಯಾರೆ ಕಡೆ ಏರಿಸಬೇಕಾದ್ರ ಹಳೇ ನಂಬರೇ ಕೊಡಬೇಕು, ಇಲ್ಲಂದ್ರ ಅಲ್ಲಿ ತನಕ ಕೇಳಿದ ಲೆಕ್ಕ ಹಾಡಿನ ಜೋಡಿ ಬರಂಗಿಲ್ಲ. ಕವರ್ ಫೋಟೋ 3000 ಗುಣಿಲೆ 3000 ಪಿಕ್ಸೆಲ್, ಚೌಕ. ನಿಮ್ಮ ಹೆಸರ ಎಲ್ಲಾ ಕಡೆ ಒಂದೇ ಕಾಗುಣಿತದಾಗ ಇರ್ಲಿ.

ಶುಕ್ರವಾರ ಬಿಡ್ರಿ, ಫೈಲ್ ತಿಂಗಳು ಮೊದಲ ಏರಸ್ರಿ. ಸ್ಪಾಟಿಫೈ ಪ್ಲೇಲಿಸ್ಟಿಗೆ ಹಾಡು ತೋರಿಸಬೇಕಂದ್ರ ಬಿಡುಗಡಿಗೆ ಕಡಿಮಿ ಅಂದ್ರೂ ಏಳು ದಿನ ಮೊದಲ ಅರ್ಜಿ ಹಾಕಬೇಕು. 2024ರಿಂದ ಒಂದು ಹಾಡು ಹಿಂದಿನ 12 ತಿಂಗಳಾಗ ಸಾವಿರ ಸಲ ಕೇಳಿಸದಿದ್ರ ಅಲ್ಲಿ ಆ ಹಾಡಿಗೆ ರೊಕ್ಕನೇ ಇಲ್ಲ. ನೋಡ್ರಿ, ಮತ್ತ ಅದೇ ಆರನೇ ಹಾಡಿನ ಮಾತಿಗೆ ಬಂತು.

ಸಾಹಿತ್ಯ ಯಾರದು, ಬೀಟ್ ಯಾರದು, ಹುಕ್ಕು ಹಾಡಿದಾಕಿಗೆ ಎಷ್ಟು, ಇದನ್ನ ರೆಕಾರ್ಡಿಂಗ್ ದಿನಾನೇ ಒಂದು ಹಾಳಿ ಮ್ಯಾಲ ಬರದು ಎಲ್ಲಾರೂ ಸಹಿ ಮಾಡ್ರಿ. ದೋಸ್ತಿಗೆ ಕಾಗದ ಯಾಕ ಅಂತಾರ. ಹಾಡು ಓಡದಿದ್ರ ಬ್ಯಾಡ, ಓಡಿದ್ರ ಬೇಕು, ಓಡ್ತದೋ ಇಲ್ಲೋ ಮೊದಲ ಯಾರಿಗೆ ಗೊತ್ತು? ಬರದವ್ರು, ಸಂಗೀತ ಕಟ್ಟಿದವ್ರು ಹಾಡಿನ ರಾಯಲ್ಟಿ ವಸೂಲಿ ಮಾಡಿ ಹಂಚೋ ಐಪಿಆರ್‌ಎಸ್ ಸಂಸ್ಥೆಯ ಸದಸ್ಯರಾಗ್ರಿ. ಮತ್ತ ಯಾರೋ ಹಾರ ಹಾಕಿ, ಬಿರಿಯಾನಿ ತಿನಿಸಿ, ಛಾಪಾ ಕಾಗದದಾಗ ‘ಎಲ್ಲಾ ಹಕ್ಕು ಕಾಯಂ’ ಅಂತ ಬರಸ್ಕೊಳ್ಲಿಕ್ಕೆ ಬಂದ್ರ, ಬಿರಿಯಾನಿ ತಿಂದು ಕಾಗದ ಮನಿಗೆ ತಗೊಂಡು ಬರ್ರಿ. ಕೋರ್ಟಿನ ಕಡೆ ಯಾರಾದ್ರೂ ವಕೀಲ್ರಿಗೆ ಓದಸ್ರಿ.

ಪ್ರಚಾರ

ಇದು ನನ್ನ ಕಸಬು. ಸ್ಟಾರ್ಮ್‌ಝಿ ಆಲ್ಬಂಗೆ ಲಂಡನ್ನಿನ ತುಂಬ ದೊಡ್ಡ ದೊಡ್ಡ ಬೋರ್ಡಿನ್ಯಾಗ ಹಾಡಿನ ಸಾಲು ಬರಸಿದ್ರು. ನಮ್ಮ ಹತ್ರ ಬೋರ್ಡಿಗೆ ರೊಕ್ಕ ಇಲ್ಲ, ಆಟೋ ಅದ. ಸೀರಿ ಆಫರ್ ಹೇಳೋ ಆಟೋದಾಗ 27 ಸೆಕೆಂಡಿನ ಒಂದು ವರ್ಸ್ ಹಾಕಿ ಕಡೀಗೆ ಬರೇ ನಿಮ್ಮ ಹೆಸರ, ತಾರೀಖು. ‘ಕೇಳಿ, ಕೇಳಿ, ಕೇಳಿ’ ಅನ್ನಬ್ಯಾಡ್ರಿ, ಅದನ್ನ ಕೇಳಿದ ಕೂಡ್ಲೇ ಊರು ಕಿವಿ ಮುಚ್ಕೋತದ, ನಾನೇ ಕಲಿಸಿದ ಚಟ ಅದು. ಮೈಕಿಗೆ ಪೊಲೀಸ್ ಪರವಾನಗಿ ತಗೋರಿ. ರಾತ್ರಿ ಹತ್ತರಿಂದ ಮುಂಜಾನಿ ಆರರ ತನಕ ಲೌಡ್‌ಸ್ಪೀಕರ್ ಹಚ್ಚಂಗಿಲ್ಲ. ಯೂನಿವರ್ಸಿಟಿ, ಇಂಜಿನಿಯರಿಂಗ್ ಕಾಲೇಜಿನ ಗೇಟ್ ಮುಂದ ಮಧ್ಯಾಹ್ನ ಬಿಡೋ ಹೊತ್ತು ಚಲೋ. ಪರೀಕ್ಷಾ ವಾರದಾಗ ಹೋಗಬ್ಯಾಡ್ರಿ.

ಬಿಟ್ಟ ಮ್ಯಾಲ ಮೊದಲ ಹಾಡಿನ ಅಂಕಿ ನೋಡೋದು ಬಿಟ್ಟು ಕಡೀ ಹಾಡಿನ ಅಂಕಿ ನೋಡ್ರಿ. ಎಷ್ಟು ಮಂದಿ ಅಲ್ಲಿ ತನಕ ಬಂದಾರೋ ಅವ್ರೇ ನಿಮ್ಮ ಎರಡನೇ ಆಲ್ಬಂನ ಗಿರಾಕಿ. ರೊಕ್ಕ ಬರ್ಲಿಕ್ಕೆ ಎರಡು ಮೂರು ತಿಂಗಳು ಹಿಡೀತದ, ಗಾಬರಿ ಆಗಬ್ಯಾಡ್ರಿ. ಮಿಕ್ಸ್ ಆದ ಫೈಲ್ ಅಷ್ಟೇ ಅಲ್ಲ, ದನಿ ಬ್ಯಾರೆ, ಬೀಟ್ ಬ್ಯಾರೆ ಇರೋ ಸ್ಟೆಮ್ ಫೈಲೂ ಕೇಳಿ ತಗೋರಿ. ಎರಡು ಹಾರ್ಡ್ ಡಿಸ್ಕಿನ್ಯಾಗ ಇಟ್ಟು ಒಂದು ಬ್ಯಾರೆಯವ್ರ ಮನ್ಯಾಗ ಇಡ್ರಿ. ನನ್ನ ಹತ್ರ ಆರು ತಿಂಗಳು ಇಟ್ಟಿರ್ತೀನಿ, ಆಮ್ಯಾಲ ಜಾಗಾ ಸಾಲಂಗಿಲ್ಲ, ಅಳಸ್ತೀನಿ.